ಕೆಲಸ ಹುಡುಕುವ ವಾರಕ್ಕೆ ಯಾವುದು ಹೊಂದುತ್ತದೆ: ಆಲ್ಬಮ್ಮೋ ಪ್ಲೇಲಿಸ್ಟೋ, ಸಿನಿಮಾನೋ ಸೀರೀಸೋ?

ಕೆಲಸ ಹುಡುಕುವಾಗ ಜಾಸ್ತಿ ಸುಸ್ತು ಮಾಡುವುದು ತಿರಸ್ಕಾರ ಅಲ್ಲ, ಉತ್ತರವೇ ಬಾರದಿರುವುದು. ಅರ್ಜಿ ಹೋಗಿರುತ್ತದೆ, ಆಮೇಲೆ ಏನಾಯಿತು ಅಂತ ಗೊತ್ತಾಗುವುದಿಲ್ಲ. ದಿನದ ಕೊನೆಗೆ ಯಾವುದೂ ಮುಗಿದಿರುವುದಿಲ್ಲ. ಕಳೆದ ವಾರ ಅರ್ಜಿ ಹಾಕುವ ರೀತಿ, ಕೇಳುವ ಸಂಗೀತ, ರಾತ್ರಿ ನೋಡುವ ಸಿನಿಮಾ, ಎಲ್ಲದರಲ್ಲೂ ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಸೋಮವಾರದಿಂದ ಬುಧವಾರದವರೆಗೆ ಜಾಬ್ ಪೋರ್ಟಲ್‌ಗಳಲ್ಲಿ ಒಂದೇ ಕ್ಲಿಕ್‌ನಲ್ಲಿ ಹೋಗುವ ಅರ್ಜಿಗಳು. ಮೂರು ದಿನಕ್ಕೆ 43 ಕಳಿಸಿದೆ. ಗುರುವಾರದಿಂದ ಶನಿವಾರದವರೆಗೆ ದಿನಕ್ಕೆ ಎರಡೇ. ಆದರೆ ಪ್ರತಿಯೊಂದಕ್ಕೂ ಜಾಹೀರಾತನ್ನು ಪೂರ್ತಿ ಓದಿ, ಅವರು ಕೇಳಿದ್ದಕ್ಕೆ ತಕ್ಕ ಹಾಗೆ ರೆಸ್ಯೂಮೆ ತಿದ್ದಿ, ಚಿಕ್ಕ ಪತ್ರ ಬರೆದು ಕಳಿಸಿದೆ. 43ಕ್ಕೆ ಬಂದದ್ದು ತಾನಾಗಿಯೇ ಬರುವ ಸ್ವೀಕೃತಿ ಮೇಲ್‌ಗಳು ಮಾತ್ರ. ಆರರಲ್ಲಿ ಒಂದಕ್ಕೆ ಫೋನ್ ಬಂತು. ಒಂದು ವಾರ ನೋಡಿ ತೀರ್ಪು ಕೊಡುವುದು ಸರಿಯಲ್ಲ, ಒಪ್ಪುತ್ತೇನೆ. ಆದರೂ ಆರು ಅರ್ಜಿಗಳಲ್ಲಿ ಪ್ರತಿಯೊಂದೂ ಯಾವ ಕೆಲಸಕ್ಕೆ ಅಂತ ನನಗೆ ಈಗಲೂ ನೆನಪಿದೆ. ಆ 43ರಲ್ಲಿ ಐದನ್ನೂ ಹೇಳಲಾರೆ.

ರೆಸ್ಯೂಮೆ ತಿದ್ದುವಾಗ ಒಂದು ತಪ್ಪು ಸಿಕ್ಕಿತು. ನನ್ನದು ಎರಡು ಕಾಲಮ್‌ನ, ನೋಡಲು ಚೆಂದದ ರೆಸ್ಯೂಮೆ. ಅದರಲ್ಲಿದ್ದುದನ್ನೆಲ್ಲ ಕಾಪಿ ಮಾಡಿ ಖಾಲಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿದೆ. ವರ್ಷಗಳು ಒಂದು ಕಡೆ, ಹುದ್ದೆಗಳು ಇನ್ನೊಂದು ಕಡೆ, ಎಲ್ಲ ಕಲಸಿಹೋಗಿತ್ತು. ಎಷ್ಟೋ ಕಂಪನಿಗಳಲ್ಲಿ ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್ ಓದುತ್ತದೆ, ಅದಕ್ಕೂ ಹೀಗೇ ಕಂಡಿರಬಹುದು. ಒಂದೇ ಕಾಲಮ್‌ಗೆ ಬದಲಿಸಿದೆ. ನೀವೂ ಒಮ್ಮೆ ಹೀಗೆ ಪೇಸ್ಟ್ ಮಾಡಿ ನೋಡಿ, ಎರಡು ನಿಮಿಷದ ಕೆಲಸ.

ಮೂರನೇ ದಾರಿ ಪರಿಚಯದವರನ್ನು ಕೇಳುವುದು. ಐದು ಜನರಿಗೆ ಮೆಸೇಜ್ ಮಾಡಿದೆ. ಆಪ್ತ ಗೆಳೆಯರು ಹೇಳಿದ್ದೆಲ್ಲ ನನಗೆ ಮೊದಲೇ ಗೊತ್ತಿತ್ತು. ಎರಡು ವರ್ಷದಿಂದ ಮಾತೇ ಆಡದ ಹಳೆಯ ಸಹೋದ್ಯೋಗಿಯೊಬ್ಬರು, ತಮ್ಮ ತಂಡದಲ್ಲಿ ಇನ್ನೂ ಜಾಹೀರಾತು ಕೊಡದ ಹುದ್ದೆಯೊಂದಿದೆ ಎಂದರು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದಿದ್ದಾರೆ: ಹತ್ತಿರದವರು ನಮ್ಮದೇ ವಲಯದಲ್ಲಿರುತ್ತಾರೆ, ಹೊಸ ಸುದ್ದಿ ಬರುವುದು ದೂರದ ಪರಿಚಯಗಳಿಂದ. ಸಂಕೋಚ ಬಿಟ್ಟು ಕೇಳಬೇಕು, ಅಷ್ಟೇ. ನನಗೆ ಆ ಮೆಸೇಜ್ ಬರೆಯಲು ಅರ್ಧ ದಿನ ಬೇಕಾಯಿತು.

ಈಗ ಸಂಗೀತ. ಮೊದಲ ಮೂರು ದಿನ ಆ್ಯಪ್ ತಾನೇ ಆರಿಸಿ ಹಾಕುವ ಪ್ಲೇಲಿಸ್ಟ್ ಕೇಳಿದೆ. ಅದು ನಿಲ್ಲುವುದೇ ಇಲ್ಲ. ಇಷ್ಟವಾಗದ ಹಾಡು ಬಂದಾಗೆಲ್ಲ ಕೈ ಫೋನಿಗೆ ಹೋಗುತ್ತಿತ್ತು, ಹೋದ ಕೈ ಬೇಗ ವಾಪಸ್ ಬರುತ್ತಿರಲಿಲ್ಲ. ಗುರುವಾರದಿಂದ ಒಂದು ಆಲ್ಬಮ್ ಹಾಕಿ ಫೋನ್ ದೂರ ಇಟ್ಟೆ. 1948ರಲ್ಲಿ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ಗ್ರಾಮಫೋನ್ ತಟ್ಟೆ, ಬಂದಾಗ ಅದರ ಒಂದು ಬದಿಗೆ ಇಪ್ಪತ್ತು ನಿಮಿಷ ಚಿಲ್ಲರೆ ಹಿಡಿಸುತ್ತಿತ್ತು. ಆ ಅಳತೆ ಎಷ್ಟೋ ಆಲ್ಬಮ್‌ಗಳಲ್ಲಿ ಉಳಿದುಕೊಂಡಿದೆ, ಸುಮಾರು ನಲವತ್ತು ನಿಮಿಷ. ನನಗೆ ಒಂದು ಅರ್ಜಿಯ ಪತ್ರ ಬರೆಯಲು ಸರಿಯಾಗಿ ಅಷ್ಟೇ ಹೊತ್ತು ಬೇಕು! ಸಂಗೀತ ನಿಂತಾಗ ಪತ್ರ ಮುಗಿದಿರಬೇಕು ಅಂತ ಇಟ್ಟುಕೊಂಡೆ. ಗಡಿಯಾರ ನೋಡುವುದಕ್ಕಿಂತ ಇದು ಎಷ್ಟೋ ಹಿತ.

ಇನ್ನೊಂದು ಮಾತು. ಬರೆಯುವಾಗ ಸಾಹಿತ್ಯ ಇರುವ ಹಾಡು ಬೇಡ. ಅರ್ಥವಾಗುವ ಮಾತು ಕಿವಿಗೆ ಬಿದ್ದರೆ, ಬರೆಯಬೇಕಾದ ಮಾತು ಕೈಜಾರುತ್ತದೆ. ಕೊಳಲು, ಪಿಯಾನೊ ಆದರೆ ತೊಂದರೆ ಇಲ್ಲ. ಸುಮ್ನೆ ಫಾರ್ಮ್ ತುಂಬುವಾಗ ಮಾತ್ರ ಹಾಡೇ ಚೆನ್ನ, ಜೊತೆಗೆ ಗುನುಗಬಹುದು.

ರಾತ್ರಿಯ ವಿಷಯದಲ್ಲಿ ನನಗೆ ಅನುಮಾನವೇ ಉಳಿದಿಲ್ಲ. ಸೀರೀಸ್‌ನ ಪ್ರತಿ ಕಂತೂ ಏನಾಗುತ್ತದೋ ಅನ್ನುವ ಜಾಗದಲ್ಲೇ ನಿಲ್ಲುತ್ತದೆ. ಹಗಲಿಡೀ ಏನಾಯಿತೋ ಅಂತ ಇನ್‌ಬಾಕ್ಸ್ ನೋಡಿದವರಿಗೆ ರಾತ್ರಿಯೂ ಅದೇ ಬೇಕಾ? ಬುಧವಾರ ಹಾಗೆ ನೋಡುತ್ತಾ ಎರಡು ಗಂಟೆಯಾಯಿತು, ಬೆಳಿಗ್ಗೆ ತಲೆಯೇ ಓಡಲಿಲ್ಲ. ಶುಕ್ರವಾರ ತೊಂಬತ್ತು ನಿಮಿಷದ ಹಳೆಯ ಕಪ್ಪುಬಿಳುಪು ಸಿನಿಮಾ ಒಂದೇ ಸಲಕ್ಕೆ ನೋಡಿದೆ. ಕತೆ ಮುಗಿಯಿತು, ದೀಪ ಆರಿಸಿದೆ, ನಿದ್ದೆ ಬಂತು.

ಮುಂದಿನ ವಾರವೂ ದಿನಕ್ಕೆ ಎರಡೇ ಅರ್ಜಿ, ಎರಡು ಆಲ್ಬಮ್, ರಾತ್ರಿ ಬೇಕೆನಿಸಿದರೆ ಒಂದು ಸಿನಿಮಾ. ಪೋರ್ಟಲ್ ನೋಡುವುದು ಬೆಳಿಗ್ಗೆ ಅರ್ಧ ಗಂಟೆ ಮಾತ್ರ. ಮಂಗಳವಾರ ಆ ಹಳೆಯ ಸಹೋದ್ಯೋಗಿಯ ತಂಡದವರೊಂದಿಗೆ ಮಾತುಕತೆ ಇದೆ.