ಧಾರವಾಡದ ಪೆಸ್ಟ್ ಕಂಟ್ರೋಲ್ ಸರ್ವಿಸ್: ಪಂಪ್ ಇಳಿಸುವ ಮೊದಲು ಹುಳ ನೋಡಿದರು
ಐದಕ್ಕೆ ನಾಲ್ಕು ಸ್ಟಾರ್.

ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ವಾ, ಕಪಾಟು ತೆಗೆದರೆ ಮುಗ್ಗಲು ವಾಸನೆ. ಈ ಸಲ ಅಮ್ಮನ ಇಳಕಲ್ ಸೀರೆಗಳಲ್ಲಿ ತೂತು ಬಿದ್ದಿದ್ದವು, ಹಳೇ ಪುಸ್ತಕಗಳ ಬೆನ್ನು ಯಾರೋ ಕೆರೆದ ಹಾಗಿತ್ತು. ಮೊದಲು ಫೋನ್ ಮಾಡಿದ ಕಂಪನಿಯವರು ಎಂಥ ಹುಳ ಅಂತ ಕೇಳಲೇ ಇಲ್ಲ, ಮನೆ ಎಷ್ಟು ಚದರಡಿ ಅಂತ ಮಾತ್ರ ಕೇಳಿದರು. ಅವರನ್ನು ಬಿಟ್ಟು ಸಪ್ತಾಪುರ ಕಡೆಯ ಈ ಸಣ್ಣ ಸರ್ವಿಸ್‌ನವರನ್ನು ಕರೆಸಿದೆವು.

ಬಂದವರು ಟಾರ್ಚು, ಭೂತಗನ್ನಡಿ ತೆಗೆದು ಸೀರೆ ಬಿಡಿಸಿ ಅಂದರು. ನಮ್ಮ ಸೀರೆಗಳ ಒಡಲು ಹತ್ತಿ, ಸೆರಗು ರೇಷ್ಮೆ. ತೂತೆಲ್ಲ ಸೆರಗಿನಲ್ಲೇ! ರೇಷ್ಮೆ, ಉಣ್ಣೆ ತಿನ್ನುವುದು ಕಾರ್ಪೆಟ್ ಬೀಟಲ್ ಮರಿ, ಇಲ್ಲವೇ ಬಟ್ಟೆ ಪತಂಗದ ಮರಿ. ಬರೀ ಹತ್ತಿ ಅವಕ್ಕೆ ಬೇಡ, ಬೆವರಿನ ಕಲೆ ಇದ್ದರೆ ಮಾತ್ರ ಅದಕ್ಕೂ ಬಾಯಿ ಹಾಕುತ್ತವೆ. ಮಡಿಕೆಯೊಳಗೆ ಬೀಟಲ್ ಮರಿ ಕಳಚಿದ, ಕೂದಲಿರುವ ಕಂದು ಪೊರೆಗಳು ಸಿಕ್ಕವು, ಹಾಗಾಗಿ ಬೀಟಲ್ ಅಂತ ಗ್ಯಾರಂಟಿ ಆಯಿತು. ಕಿಟಕಿ ಹತ್ತಿರ ಎರಡು ಮೂರು ಮಿಲಿಮೀಟರಿನ ಚುಕ್ಕೆಚುಕ್ಕೆ ದುಂಡು ಹುಳ ಕಾಣುತ್ತಿತ್ತು, ಸುಮ್ನೆ ಹೊರಗಿನದು ಅಂದುಕೊಂಡಿದ್ದೆವು, ಅದು ಇದೇ ಮರಿ ಬೆಳೆದು ದೊಡ್ಡದಾದದ್ದು. ಆಗ ಬಟ್ಟೆ ಮುಟ್ಟುವುದಿಲ್ಲ, ಪರಾಗ ಹುಡುಕಿಕೊಂಡು ಬೆಳಕಿನ ಕಡೆ ಹೋಗುತ್ತದೆ.

ಪುಸ್ತಕದ್ದು ಬೇರೆ ಕಥೆ, ಅದು ಸಿಲ್ವರ್‌ಫಿಶ್ ಅನ್ನೋ ಬೆಳ್ಳಿ ಬಣ್ಣದ ಹುಳ. ಅದಕ್ಕೆ ಗಂಜಿ, ಅಂಟು ಬೇಕು. ಗಂಜಿ ಹಾಕಿದ ಹತ್ತಿ ಸೀರೆಯನ್ನೂ ಬಿಡುವುದಿಲ್ಲ. ಮೇಲಿನ ಪದರ ಕೆರೆಯುತ್ತದೆ. ದುಂಡು ತೂತು ಕೊರೆದು ಪುಡಿ ಉದುರಿಸಿದ್ದರೆ ಅದು ಪುಸ್ತಕ ಕೊರೆಯುವ ಬೇರೆ ಜಾತಿಯ ಬೀಟಲ್‌ನ ಕೆಲಸ. ಹಾಳೆ ಮೇಲೆ ಓಡುವ ಮಿಲಿಮೀಟರ್ ಗಾತ್ರದ ಬಿಳಿ ಹುಳಗಳು ಬೂಸ್ಟು ತಿನ್ನುವವು, ತೇವ ಇಳಿದರೆ ಅವೇ ಹೋಗುತ್ತವೆ.

ಸ್ಪ್ರೇ ಹೊಡೆದದ್ದು ಕಪಾಟಿನ ಸಂದಿಗೆ, ಗೋಡೆ ಬುಡಕ್ಕೆ ಅಷ್ಟೇ. ಸೀರೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿ, ಮೈನಸ್ 18 ಡಿಗ್ರಿಯಲ್ಲಿ ಇಡಿ ಅಂದರು. ಐಸ್‌ಕ್ರೀಮ್ ಜಾಗದಲ್ಲಿ ಸೀರೆನಾ ಅಂತ ಅಮ್ಮ ಬೈದುಕೊಂಡೇ ಇಟ್ಟಳು. ಹೊರಗೆ ತೆಗೆದ ಮೇಲೆ ತಣ್ಣಗಿರುವಾಗಲೇ ಕವರ್ ಬಿಚ್ಚಬಾರದು, ಬಟ್ಟೆ ಮೇಲೆ ನೀರು ಕೂರುತ್ತದೆ. ಡಾಂಬರ್ ಗುಳಿಗೆ ಬಗ್ಗೆ ಕೇಳಿದೆ. ಗಾಳಿಯಾಡುವ ಕಪಾಟಿನಲ್ಲಿ ದುಡ್ಡು ದಂಡ, ಬಿಗಿ ಡಬ್ಬಿಯಲ್ಲಾದರೆ ಸ್ವಲ್ಪ ಕೆಲಸ, ಆದರೆ ಅದರ ಆವಿ ಮಕ್ಕಳಿಗೆ ಒಳ್ಳೆಯದಲ್ಲ ಅಂದರು.

ಒಂದು ಸ್ಟಾರ್ ಕಟ್ ಆಗಿದ್ದು ಟೈಮಿಗೆ. ಬೆಳಿಗ್ಗೆ ಅಂದವರು ಊಟದ ಹೊತ್ತಿಗೆ ಬಂದರು, ಬಿಲ್ಲನ್ನೂ ಕೇಳಿ ಕೇಳಿ ಈಸಿಕೊಳ್ಳಬೇಕಾಯಿತು. ಎರಡನೇ ವಿಸಿಟ್ ಅದೇ ದುಡ್ಡಿನಲ್ಲಿ ಬರುತ್ತದಾ ಅಂತ ಮೊದಲೇ ಬರೆಸಿಕೊಳ್ಳಿ.