ಮೊದಲ ಎಫ್‌ಪಿಜಿಎ ಬೋರ್ಡಿಗೆ ಟ್ಯಾಂಗ್ ನ್ಯಾನೋ 9ಕೆ: ದಾವಣಗೆರೆಯಲ್ಲಿ ಕೂತು ಕೊಳ್ಳುವವರಿಗೆ

ದಾವಣಗೆರೆಯಲ್ಲಿ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ಬದಲಿಸಬಹುದಾದ ಚಿಪ್) ಬೇಕೆಂದರೆ ಸಾಮಾನ್ಯವಾಗಿ ಆನ್‌ಲೈನ್ ಆರ್ಡರ್ ಮಾಡಬೇಕು, ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸಬೇಕು. ಚಿಪ್ ಸುಟ್ಟರೆ ಅವತ್ತೇ ಇನ್ನೊಂದು ಸಿಗುವುದಿಲ್ಲ. ಆದ್ದರಿಂದ ಎಲ್‌ಯುಟಿ (ಸರ್ಕ್ಯೂಟ್ ಕಟ್ಟುವ ಸಣ್ಣ ಲಾಜಿಕ್ ಘಟಕ) ಎಷ್ಟಿವೆ ಎಂದು ಎಣಿಸುವ ಮೊದಲು ಪ್ಯಾಕೇಜ್ (ಚಿಪ್ಪಿನ ಹೊರಕವಚ, ಪಿನ್‌ಗಳ ಜೋಡಣೆ), ವೋಲ್ಟೇಜ್ ಎರಡನ್ನೂ ನೋಡಿ. ಆ ಲೆಕ್ಕಕ್ಕೆ ಸಿಪೀಡ್ ಕಂಪನಿಯ ಟ್ಯಾಂಗ್ ನ್ಯಾನೋ 9ಕೆ ಹೇಳಿ ಮಾಡಿಸಿದಂತಿದೆ.

ಇದರಲ್ಲಿರುವುದು ಗೋವಿನ್ ಚಿಪ್. 8,640 ಎಲ್‌ಯುಟಿ, 468 ಕಿಲೋಬಿಟ್ ಬ್ಲಾಕ್ ರ‍್ಯಾಮ್, 64 ಮೆಗಾಬಿಟ್ ಪಿಎಸ್‌ರ‍್ಯಾಮ್, 27 ಮೆಗಾಹರ್ಟ್ಜ್ ಕ್ರಿಸ್ಟಲ್, ಎಚ್‌ಡಿಎಂಐ ಸಾಕೆಟ್. ರಿಸ್ಕ್-ವಿ ಎಂಬ ಮುಕ್ತ ಮಾದರಿಯ ಸಣ್ಣ ಪ್ರೊಸೆಸರ್ ಆರಾಮವಾಗಿ ಕೂರುತ್ತದೆ. ಪ್ರೋಗ್ರಾಮರ್ ಬೋರ್ಡಿನಲ್ಲೇ ಇರುವುದರಿಂದ ಬೇರೆ ಕೇಬಲ್ ಖರ್ಚಿಲ್ಲ, ಯುಎಸ್‌ಬಿ-ಸಿ ಒಂದಿದ್ದರೆ ಸಾಕು. ಕ್ಲಾಕ್ 52ನೇ ಪಿನ್ನಿನಲ್ಲಿದೆ. 115200 ಬಾಡ್ ಸೀರಿಯಲ್‌ಗೆ 27,000,000 ಅನ್ನು 234ರಿಂದ ಭಾಗಿಸಿದರೆ ತಪ್ಪು ಶೇ. 0.16 ಮಾತ್ರ, ಧಾರಾಳವಾಗಿ ನಡೆಯುತ್ತದೆ.

ಹೊಸಬರು ಎಡವುವುದು ವೋಲ್ಟೇಜ್‌ನಲ್ಲಿ. ಆರು ಎಲ್‌ಇಡಿ, ಎರಡು ಬಟನ್, ಹೆಡರಿನ 79ರಿಂದ 86ರವರೆಗಿನ ಪಿನ್‌ಗಳು 1.8 ವೋಲ್ಟ್ ಬ್ಯಾಂಕಿಗೆ (ಒಂದೇ ವೋಲ್ಟೇಜ್ ಹಂಚಿಕೊಳ್ಳುವ ಪಿನ್‌ಗಳ ಗುಂಪು) ಸೇರಿವೆ. ಯಾವ ಪಿನ್ ಯಾವುದಕ್ಕೆ ಎಂದು ತಿಳಿಸುವ ಕನ್‌ಸ್ಟ್ರೇಂಟ್ ಫೈಲಿನಲ್ಲಿ ಇವಕ್ಕೆ 1.8 ಎಂದೇ ಬರೆಯಬೇಕು. ಒಂದೇ ಬ್ಯಾಂಕಿನಲ್ಲಿ 3.3 ಬೆರೆಸಿದರೆ ಪ್ಲೇಸ್ ಆಂಡ್ ರೂಟ್ (ವಿನ್ಯಾಸವನ್ನು ಚಿಪ್ಪಿನೊಳಗೆ ಜೋಡಿಸುವ) ಹಂತದಲ್ಲೇ ಎರರ್ ಬರುತ್ತದೆ. ಎಲ್‌ಇಡಿಗಳು ಸೊನ್ನೆ ಕೊಟ್ಟರೆ ಉರಿಯುತ್ತವೆ, ಒಂದು ಕೊಟ್ಟರೆ ಆರುತ್ತವೆ. ಎಲ್ಲಕ್ಕಿಂತ ಮುಖ್ಯ: ಯಾವ ಪಿನ್ನೂ 5 ವೋಲ್ಟ್ ತಡೆಯುವುದಿಲ್ಲ. ಆರ್ಡುಯಿನೋ ಜೊತೆ ಬಳಸುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ ಎಕೋ ಪಿನ್ನಿನಿಂದ 5 ವೋಲ್ಟ್ ಬಿಡುತ್ತದೆ. ಎಕೋದಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋಓಮ್ ಹಾಕಿ, ನಡುವಿನಿಂದ ತೆಗೆದರೆ 3.3 ಸಿಗುತ್ತದೆ. ಅದನ್ನು 3.3 ವೋಲ್ಟ್ ಬ್ಯಾಂಕಿನ ಪಿನ್ನಿಗೇ ಕೊಡಿ.

ಗೋವಿನ್ ತಂತ್ರಾಂಶದ ಎಜುಕೇಷನ್ ಆವೃತ್ತಿಗೆ ಲೈಸೆನ್ಸ್ ಬೇಡ. ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್ ಎಂಬ ಮುಕ್ತ ತಂತ್ರಾಂಶಗಳು ಕೂಡ ಈ ಚಿಪ್ಪಿಗೆ ಕೆಲಸ ಮಾಡುತ್ತವೆ. ಎಸ್‌ರ‍್ಯಾಮ್‌ಗೆ ಬರೆದ ವಿನ್ಯಾಸ ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಉಳಿಯಬೇಕೆಂದರೆ ಫ್ಲ್ಯಾಶ್‌ಗೆ ಬರೆಯಿರಿ.

ಮುಂದೆ ಸ್ವಂತ ಪಿಸಿಬಿ ಮಾಡುವವರಿಗೆ ಲ್ಯಾಟಿಸ್ ಕಂಪನಿಯ ಐಸ್40 ಯುಪಿ5ಕೆ ಚಿಪ್ ಒಳ್ಳೆಯದು. 5,280 ಎಲ್‌ಯುಟಿ, 48 ಪಿನ್, 7 ಮಿ.ಮೀ. ಕ್ಯೂಎಫ್‌ಎನ್ (ಅಂಚಿನಲ್ಲಿ ಪಿನ್‌ಗಳಿರುವ ಚಪ್ಪಟೆ ಪ್ಯಾಕೇಜ್). ಅದೇ ಕಂಪನಿಯ ಇಸಿಪಿ5 ಶಕ್ತಿಶಾಲಿ ನಿಜ, ಆದರೆ ಅದರ ಬಿಜಿಎ (ಸೋಲ್ಡರ್ ಗುಂಡುಗಳೆಲ್ಲ ಅಡಿಯಲ್ಲಿರುವ ಪ್ಯಾಕೇಜ್) ಮನೆಯ ಸೋಲ್ಡರಿಂಗ್ ಐರನ್‌ಗೆ ಬಗ್ಗುವುದಲ್ಲ. ಯುಪಿ5ಕೆಗೆ ಕೋರ್ 1.2 ವೋಲ್ಟ್, ಐಒ 3.3 ವೋಲ್ಟ್, ಹೀಗೆ ಎರಡು ರೆಗ್ಯುಲೇಟರ್ ಬೇಕು, 1.2 ಮೊದಲು ಏರಬೇಕು. ವಿನ್ಯಾಸ ಉಳಿಸಿಡಲು ಹೊರಗೊಂದು ಎಸ್‌ಪಿಐ ಫ್ಲ್ಯಾಶ್, ಅದರ ಸೆಲೆಕ್ಟ್ ಪಿನ್ನಿಗೆ 10 ಕಿಲೋಓಮ್ ಪುಲ್‌ಅಪ್ ಹಾಕಿ.

ಈ ಪ್ಯಾಕೇಜಿನಲ್ಲಿ ಗ್ರೌಂಡ್‌ಗೆ ಬೇರೆ ಪಿನ್ನೇ ಇಲ್ಲ, ಹೊಟ್ಟೆಯಡಿಯ ಪ್ಯಾಡೇ ಗ್ರೌಂಡ್. ಅದು ಸೋಲ್ಡರ್ ಆಗದಿದ್ದರೆ ಸುತ್ತಲಿನ ಪಿನ್‌ಗಳು ಎಷ್ಟು ಚೆನ್ನಾಗಿ ಕೂತಿದ್ದರೂ ಚಿಪ್ ಏಳುವುದಿಲ್ಲ. ಹಾಟ್ ಏರ್ ಇರುವ ಮೊಬೈಲ್ ರಿಪೇರಿಯವರ ಹತ್ತಿರ ಕೂರಿಸಿಕೊಂಡರೆ ಸುಲಭ. ಆಮೇಲೆ ಪವರ್ ಕೊಡುವ ಮೊದಲೇ ಮಲ್ಟಿಮೀಟರ್ ಡಯೋಡ್ ಮೋಡ್‌ಗೆ ತಿರುಗಿಸಿ, ಕೆಂಪು ಕಡ್ಡಿ ಗ್ರೌಂಡಿಗೆ, ಕಪ್ಪು ಕಡ್ಡಿ ಯಾವುದಾದರೂ ಐಒ ಪಿನ್ನಿಗೆ ಹಿಡಿಯಿರಿ. 0.5 ವೋಲ್ಟ್ ಆಸುಪಾಸು ತೋರಿಸಿದರೆ ಪ್ಯಾಡ್ ಹಿಡಿದಿದೆ. ಓಪನ್ ತೋರಿಸಿದರೆ ಮತ್ತೆ ಬಿಸಿ ಮಾಡಿಸಿ.