ಡಾಕರ್‌ಫೈಲ್ ಕೈಯಲ್ಲೇ ಬರೆಯೋದಾ, ಸ್ಪ್ಯಾಕ್‌ಗೆ ಬಿಡೋದಾ?

ಶಿವಮೊಗ್ಗದಲ್ಲಿ ಕೂತು ಮಳೆಯ ಮಾಡೆಲ್ ಓಡಿಸುವ ಗೆಳೆಯರೊಬ್ಬರು ಕೇಳಿದ ಪ್ರಶ್ನೆ ಇದು. ಡಾಕರ್‌ಫೈಲ್ ಅಂದರೆ ಇಮೇಜ್, ಅಂದರೆ ಬೇಕಾದ ಸಾಫ್ಟ್‌ವೇರ್ ಎಲ್ಲ ತುಂಬಿದ ಪೊಟ್ಟಣ, ಕಟ್ಟುವ ಸೂಚನೆಗಳ ಫೈಲ್. ಸ್ಪ್ಯಾಕ್ ಅಂದರೆ ವಿಜ್ಞಾನದ ಸಾಫ್ಟ್‌ವೇರ್ ಕಟ್ಟಿ ಕೊಡುವ ಸಾಧನ. ಅವರಿಗೆ ಓಪನ್‌ಎಂಪಿಐ (ಕೆಲಸವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚಲು), ಎಚ್‌ಡಿಎಫ್5, ನೆಟ್‌ಸಿಡಿಎಫ್ (ಇವೆರಡೂ ದೊಡ್ಡ ಡೇಟಾ ಫೈಲುಗಳಿಗೆ) ಮೂರೂ ಒಂದೇ ಇಮೇಜ್‌ನಲ್ಲಿ ಬೇಕು.

ಡಾಕರ್‌ಫೈಲ್ ಶುರು ಮಾಡೋದು ಸುಲಭ. ಆಪ್ಟ್ ಅನ್ನೋ ಲಿನಕ್ಸ್ ಇನ್‌ಸ್ಟಾಲ್ ಆಜ್ಞೆಯ ನಾಲ್ಕು ಸಾಲು ಬರೆದರೆ ಆಯ್ತು. ಆದರೆ ಆರು ತಿಂಗಳು ಬಿಟ್ಟು ಅದನ್ನೇ ಕಟ್ಟಿದರೆ ಬೇರೆ ಆವೃತ್ತಿ ಬಂದು ಕೂತಿರಬಹುದು. ಎಚ್‌ಡಿಎಫ್5 ಅನ್ನು ಎಂಪಿಐ ಜೊತೆ ಕಟ್ಟಿದ್ದಾ ಇಲ್ವಾ ಅನ್ನೋದನ್ನೂ ನೀವೇ ನೆನಪಿಡಬೇಕು.

ಸ್ಪ್ಯಾಕ್‌ನಲ್ಲಿ ಆ ತಲೆನೋವು ಕಡಿಮೆ. ಸ್ಪ್ಯಾಕ್.ಯಾಮಲ್ ಫೈಲಿನಲ್ಲಿ 'ಎಚ್‌ಡಿಎಫ್5 +ಎಂಪಿಐ' ಅಂತ ಬರೆಯಿರಿ. 'ಸ್ಪ್ಯಾಕ್ ಕಂಟೇನರೈಸ್' ಕೊಟ್ಟರೆ ಡಾಕರ್‌ಫೈಲನ್ನು ಅದೇ ಬರೆದು ಕೊಡುತ್ತದೆ. ಕೇಳಿದರೆ ಡಾಕರ್‌ನಂಥದ್ದೇ ಇನ್ನೊಂದು ಸಾಧನವಾದ ಸಿಂಗ್ಯುಲಾರಿಟಿಯ ಡೆಫಿನಿಷನ್ ಫೈಲನ್ನೂ ಕೊಡುತ್ತದೆ. ಬಿಲ್ಡ್ ಎರಡು ಹಂತದಲ್ಲಿ ನಡೆಯುವುದರಿಂದ ಕಂಪೈಲರ್ ಮೊದಲ ಹಂತದಲ್ಲೇ ಉಳಿದು, ಕೊನೆಯ ಇಮೇಜ್ ಹಗುರವಾಗುತ್ತದೆ.

ಕಷ್ಟ ಎಲ್ಲಿ ಅಂದರೆ ಸಮಯದಲ್ಲಿ. ಸ್ಪ್ಯಾಕ್ ಸಾಮಾನ್ಯವಾಗಿ ಸೋರ್ಸ್ ಕೋಡ್‌ನಿಂದಲೇ ಕಟ್ಟುತ್ತದೆ, ಗಂಟೆಗಟ್ಟಲೆ. ಇನ್‌ಸ್ಟಾಲ್ ಪೂರ್ತಿ ಡಾಕರ್‌ಫೈಲಿನ ಒಂದೇ 'ರನ್' ಸಾಲಿನಲ್ಲಿರುವುದರಿಂದ, ಆಷಾಢದ ಮಳೆಗೆ ಮಧ್ಯದಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿಂದ. ನನಗೆ ಹೀಗೆ ಎರಡು ಸಲ ಆಗಿದೆ. ಒಮ್ಮೆ ಕಟ್ಟಿದ್ದನ್ನು ಉಳಿಸಿಡುವ ಬಿಲ್ಡ್ ಕ್ಯಾಶ್ ಇಟ್ಟುಕೊಂಡ ಮೇಲೆ ಸ್ವಲ್ಪ ನೆಮ್ಮದಿ.

ಇನ್ನೊಂದು ಪೆಟ್ಟೂ ತಿಂದಿದ್ದೇನೆ. ಹೊಸ ಲ್ಯಾಪ್‌ಟಾಪಿನಲ್ಲಿ ಕಟ್ಟಿದ ಇಮೇಜ್ ಲ್ಯಾಬಿನ ಹಳೇ ಯಂತ್ರದಲ್ಲಿ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂದು ಸತ್ತಿತು. ಹೊಸ ಪ್ರೊಸೆಸರಿನ ಆದೇಶಗಳು ಹಳೆಯದಕ್ಕೆ ಗೊತ್ತಿಲ್ಲ. ಹಳೆಯದಕ್ಕೂ ಹೊಂದುವಂತೆ 'ಟಾರ್ಗೆಟ್=ಎಕ್ಸ್86_64_ವಿ2' ಹಾಕಿ ಕಟ್ಟಿದ ಮೇಲೆ ಓಡಿತು.

ಬರೀ ಪೈಥಾನ್ ಲೈಬ್ರರಿ ಸಾಕಾದರೆ ಎರಡೂ ಬೇಡ, ಕಾಂಡಾ ಅನ್ನೋ ಪ್ಯಾಕೇಜ್ ಸಾಧನ ನೋಡಿ. ಗೆಳೆಯರಿಗೆ ನಾನು ಹೇಳಿದ್ದು ಸ್ಪ್ಯಾಕ್. ಅವರ ಕೆಲಸ ಕೊನೆಗೆ ಕ್ಲಸ್ಟರ್‌ಗೇ, ಅಂದರೆ ಹಲವರು ಹಂಚಿಕೊಳ್ಳುವ ಕಂಪ್ಯೂಟರ್‌ಗಳ ಗುಂಪಿಗೇ, ಹೋಗುತ್ತದೆ. ಅಲ್ಲಿ ಡಾಕರ್‌ಗೆ ಬಾಗಿಲು ಮುಚ್ಚಿರೋದೇ ಜಾಸ್ತಿ, ಆದರೆ ಆಪ್ಟೈನರ್ (ಸಿಂಗ್ಯುಲಾರಿಟಿಯ ಹೊಸ ಹೆಸರು) ರೂಟ್, ಅಂದರೆ ಅಡ್ಮಿನ್ ಅಧಿಕಾರ, ಕೇಳದೆ ಓಡುತ್ತದೆ.